ನಲವತ್ತು ಗ್ರಾಂ ಕಡಿಮೆ

ಚಟ್ನಿಗೆಂದು ಶೇಂಗಾ ಹುರಿಯುತ್ತಿದ್ದೆ. ಸಂಘದ ಹಿರಿಯಕ್ಕನ ಫೋನು ಬಂತು.

"ರಾಮದುರ್ಗದಾಕಿಗೆ ನಾಳಿಂದ ಬರಬ್ಯಾಡ ಅಂತ ಹೇಳಿಬಿಡ್ರಿ. ಹೆಂಗೂ ಮಧ್ಯಾಹ್ನ ನಿಮ್ಮನಿಗೆ ಬರತಾಳ. ಸಂಜಿಗೆ ಮೀಟಿಂಗಿಗೆ ನೀವು ತೂಕದ ವಹಿ ತರ್ರಿ."

ಹೂಂ ಅಂದೆ. ಅಷ್ಟರಲ್ಲಿ ಒಂದು ಹಿಡಿ ಶೇಂಗಾ ಕರಕಲಾಗಿತ್ತು.

ಬೈಲಹೊಂಗಲದ ನಮ್ಮ ಓಣಿಯ ಹೆಂಗಸರು ಸೇರಿ ಖಡಕ್ ರೊಟ್ಟಿ ಮಾಡುತ್ತೇವೆ. ಹಿಟ್ಟು ಸಂಘದ್ದು. ಅವರವರ ಮನೆಯಲ್ಲಿ ಬಡಿದು, ಬೇಯಿಸಿ, ಒಣಗಿಸಿ, ಇಪ್ಪತ್ತೈದರ ಗಂಟು ಕಟ್ಟಿ ನಮ್ಮ ಪಡಸಾಲೆಗೆ ತರುತ್ತಾರೆ. ಒಂದು ಗಂಟು ಒಂದು ಕಿಲೊ ತೂಗಬೇಕು. ತೂಕದ ಮಿಷನ್ ನಮ್ಮಲ್ಲೇ ಇದೆ. ಅವರವರ ಗಂಟನ್ನು ಅವರವರೇ ಇಡುತ್ತಾರೆ, ಕೆಂಪು ಅಂಕಿ ನೋಡಿ ನಾನು ವಹಿಯಲ್ಲಿ ಬರೆದುಕೊಳ್ಳುತ್ತೇನೆ. ರೊಟ್ಟಿ ಕಿತ್ತೂರಿನ ಹೆದ್ದಾರಿ ಪಕ್ಕದ ಒಂದು ಖಾನಾವಳಿಗೆ ಹೋಗುತ್ತದೆ.

ರಾಮದುರ್ಗದಿಂದ ಸೊಸೆಯಾಗಿ ಬಂದ ಆ ಹುಡುಗಿಯ ಗಂಟು ಹದಿನೈದು ದಿನಗಳಿಂದ ಕಡಿಮೆ ಬರುತ್ತಿತ್ತು. ಒಂದು ದಿನ ಮೂವತ್ತು ಗ್ರಾಂ, ಒಂದು ದಿನ ನಲವತ್ತು. ತೆಳ್ಳಗೆ ಬಡಿದು ಹಿಟ್ಟು ಉಳಿಸಿಕೊಳ್ಳುತ್ತಾಳೆ ಎಂಬ ಮಾತು ಹುಟ್ಟಿತು. ಅವಳು ಎಡಚಿ ಬೇರೆ. "ಎಡಗೈಲೆ ಬಡದ ರೊಟ್ಟಿಗೆ ಬರಕತ್ ಎಲ್ಲಿಂದ ಬರಬೇಕವಾ?" ಎಂದು ಯಾರೋ ನಕ್ಕಾಗ ನಾನು ಸುಮ್ಮನಿದ್ದೆ. ಬರೆಯುವವಳು ನಾನಾದರೂ ಅಂಕಿ ತೋರಿಸುವುದು ಮಿಷನ್ ಅಲ್ಲವೇ ಎಂಬ ಧೈರ್ಯ ನನಗೆ.

ಮಧ್ಯಾಹ್ನ ಅವಳು ಬಂದಳು. ತೂಗಿ ಆಗಲಿ, ಬರಬೇಡ ಎಂಬುದನ್ನು ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಗಂಟು ಇಟ್ಟಳು. ಒಂಬೈನೂರ ಅರವತ್ತು.

"ಯಕ್ಕಾ, ಬರೂ ಮುಂದ ಕಿರಾಣಿ ಅಂಗಡ್ಯಾಗ ತೂಗಿಸ್ಕೊಂಡ ಬಂದೇನಿ. ಬರೋಬ್ಬರಿ ಕಿಲೊ ಇತ್ತು. ಎರಡು ಓಣಿ ದಾಟೂದರಾಗ ನಾನ ತಿಂದ್ನೇನು?" ಅವಳ ಕಣ್ಣು ತುಂಬಿದ್ದವು.

ಗೋಡೆಗೆ ಒರಗಿ ಕೂತಿದ್ದ ನಮ್ಮ ಅತ್ತೆ ಜಪದ ಮಣಿ ನಿಲ್ಲಿಸಿದರು. "ಅಂಗಡ್ಯಾವಂದರ ಸುಳ್ಳಿರಬೇಕು, ನಮ್ಮದರ ಸುಳ್ಳಿರಬೇಕು."

"ನಮ್ಮದ್ಯಾಕ ಸುಳ್ಳಾಗತೈತ್ರಿ ಅತ್ತಿ?" ನನಗೆ ಸಿಟ್ಟೇ ಬಂದಿತ್ತು.

"ಹಂಗಾರ ನೀ ಇಟ್ಟು ನೋಡು."

ಇಟ್ಟೆ. ಸಾವಿರ.

ಮತ್ತೆ ಅವಳು ಇಟ್ಟಳು. ಒಂಬೈನೂರ ಅರವತ್ತು. ಮತ್ತೆ ನಾನು. ಸಾವಿರ. ಗಂಟು ಅದೇ, ಮಿಷನ್ ಅದೇ. ಹುಡುಗಿ ತನ್ನ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ನನ್ನ ಕೈಯಾಗ ಏನರ ದೋಷ ಐತೇನ್ರಿ?"

"ಏ ಹುಚ್ಚಿ, ಕೈ ತಗದ ಮ್ಯಾಲೆ ರೊಟ್ಟಿಗೆ ಯಾರ ಕೈ ಅಂತ ನೆಪ್ಪಿರತೈತೇನು?" ಅತ್ತೆ ಬೈದರು. "ಎಲ್ಲಿ ಇಡತೀರಿ ಅದನ್ನ ನೋಡ್ರಿ. ಆಕಿ ಎಡಗೈಲೆ ಎಡಗಡಿ ಅಂಚಿಗೆ ಇಡತಾಳ, ನೀ ನಡುವ ಇಡತಿ."

ನಾನು ಗಂಟನ್ನು ನಡುವಿನಿಂದ ಎಡಕ್ಕೆ ಬೆರಳಷ್ಟು ಬೆರಳಷ್ಟೇ ಸರಿಸಿದೆ. ಅಂಕಿ ಇಳಿಯುತ್ತ ಹೋಯಿತು. ಆಗ ನನಗೆ ಹೊಳೆಯಿತು. ಆ ಮಿಷನ್ನಿನ ತಟ್ಟೆಯ ಕೆಳಗೆ, ಎಡಗಡೆ ಏನಿದೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಹದಿನೈದು ದಿನದ ಹಿಂದೆ, ಹುಣ್ಣಿಮೆಗೆ, ಸವದತ್ತಿ ಗುಡ್ಡದ ದೇವಿಯ ದರ್ಶನಕ್ಕೆ ಹೋಗಿದ್ದೆ. ಅಲ್ಲಿಂದ ತಂದ ಭಂಡಾರದ ಅರಿಶಿನವನ್ನು ಚೂರು ಕಾಗದದಲ್ಲಿ ಗಟ್ಟಿಯಾಗಿ ಮಡಚಿ ಆ ಸಂದಿಯಲ್ಲಿ ಇಟ್ಟಿದ್ದೆ. ತೂಕದಲ್ಲಿ ಯಾರಿಗೂ ಅನ್ಯಾಯ ಆಗದಿರಲಿ ತಾಯಿ ಎಂದು ಬೇಡಿಕೊಂಡೇ ಇಟ್ಟಿದ್ದು. ಎಡಕ್ಕೆ ಭಾರ ಬಿದ್ದಾಗ ತಟ್ಟೆ ಆ ಪುಡಿಕೆಯ ಮೇಲೆ ಕೂರುತ್ತಿತ್ತು. ಕಡಿಮೆ ಬಂದಷ್ಟು ತೂಕವನ್ನು ಪುಡಿಕೆಯೇ ಹೊತ್ತುಕೊಂಡು ಬಿಡುತ್ತಿತ್ತು.

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನ್ನ ಬುದ್ಧಿ ಕೆಟ್ಟಿತ್ತು. ಮಿಷನ್ ಕೆಟ್ಟಿದೆ ಎಂದು ಅಂದುಬಿಟ್ಟರೆ ಮುಗಿಯಿತು, ಅವರು ಹೋದ ಮೇಲೆ ತೆಗೆದರಾಯಿತು ಎನಿಸಿತು. ಹುಡುಗಿ ಇನ್ನೂ ಆ ಕೈಯನ್ನು ಮುಚ್ಚಿಕೊಂಡೇ ನಿಂತಿದ್ದಳು. ನಾನು ತಟ್ಟೆ ಎತ್ತಿದೆ. ಪುಡಿಕೆ ತೆಗೆದು ಅವಳಿಗೇ ತೋರಿಸಿದೆ. ಆಮೇಲೆ ಗಂಟನ್ನು ಎಡಕ್ಕಿಟ್ಟರೂ ಸಾವಿರ, ಬಲಕ್ಕಿಟ್ಟರೂ ಸಾವಿರ.

ಹಿರಿಯಕ್ಕನಿಗೆ ಫೋನು ಹಚ್ಚಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಭಂಡಾರ ಹಣಿಗೆ ಹಚ್ಚೂದು ಬಿಟ್ಟು ಮಿಷನ್ ಬುಡಕ ಯಾಕ ಇಟ್ರಿ ನಮ್ಮವ್ವಾ?"

"ತಪ್ಪಾತ್ರಿ ಅಕ್ಕಾರ."

"ಆಕಿಗೆ ಬರಾಕ ಹೇಳ್ರಿ. ಸಂಜಿಗೆ ಎಲ್ಲಾರ ಮುಂದ ಇದನ್ನ ನೀವ ಹೇಳಬೇಕು ನೋಡ್ರಿ."

ಹೇಳುತ್ತೇನೆ ಅಂದೆ. ವಹಿ ತೆರೆದರೆ ಹುಣ್ಣಿಮೆಯಿಂದ ಈಚೆಗೆ ಬರೆದ ಒಂದು ಅಂಕಿಯನ್ನೂ ನಂಬುವಂತಿರಲಿಲ್ಲ. ಯಾರು ಯಾವ ದಿನ ಎಲ್ಲಿ ಇಟ್ಟರೋ ಯಾರಿಗೆ ನೆನಪಿದೆ? ಬರಬೇಡ ಎಂಬ ಮಾತು ನನ್ನ ಬಾಯಿಂದ ಹೊರಬೀಳುವ ಮೊದಲೇ ಗುಡ್ಡದ ತಾಯಿ ತಡೆದಳು. ಅತ್ತೆಗೆ ಆ ಮಧ್ಯಾಹ್ನ ನಿದ್ದೆ ಹತ್ತಿರಲಿಲ್ಲ, ಅದೂ ಅವಳ ದಯೆಯೇ. ಪುಡಿಕೆಯನ್ನು ಗೋಡೆಯ ದೇವರ ಮಾಡದಲ್ಲಿಟ್ಟು ಕೈಮುಗಿದೆ.

ಹುಡುಗಿ ನಗಲಿಲ್ಲ. "ನಾಳಿ ಬರತೇನಿ ಯಕ್ಕಾ. ಆದ್ರ ನನ್ನ ಗಂಟು ನಾನೂ ಇಡತೇನಿ, ನೀವೂ ಇಡ್ರಿ. ಎಲ್ಲಾರದೂ ಹಂಗ ಮಾಡ್ರಿ. ಎರಡೂ ಸಲ ಒಂದ ಬಂದ್ರ ಬರಕೋರಿ." ಚಪ್ಪಲಿ ಮೆಟ್ಟಿಕೊಂಡು ಹೋದಳು.

ಸಂಜೆಗೆ ಎಲ್ಲರ ಮುಂದೆ ಮಾತು ಎಲ್ಲಿಂದ ಶುರುಮಾಡಲಿ ಎಂದು ವಹಿ ಹಿಡಿದು ನಿಂತಿದ್ದೆ. "ನಳ ಬಂತವಾ!" ಎಂದು ಅತ್ತೆ ಕೂಗಿದರು. ವಹಿಯನ್ನು ಮೀಟಿಂಗಿಗೆ ಒಯ್ಯುವ ಚೀಲಕ್ಕೆ ಹಾಕಿ ಕೊಡ ತಿಕ್ಕಲು ಹೊರಗೆ ಹೋದೆ.