ಒಂದೇ ಪಾಪ, ಮೂರು ಚರ್ಚು

ನಮ್ಮ ಹೊಲಿಗೆ ಅಂಗಡಿಯಲ್ಲಿ ಹನ್ನೊಂದು ಡಬ್ಬ ಗುಂಡಿಗಳಿವೆ. ಕಾರ್ಕಳದವರೆಲ್ಲ ಒಂದೇ ದಿನ ಅಂಗಿ ಹೊಲಿಸಿಕೊಂಡರೂ ಅವು ಮುಗಿಯಲಿಕ್ಕಿಲ್ಲ. ನಾವು ಹೊಲಿಯುವುದು ಹೆಚ್ಚಾಗಿ ರವಿಕೆ. ರವಿಕೆಗೆ ಬೇಕಾದದ್ದು ಹುಕ್ಕು, ಗುಂಡಿಯಲ್ಲ. ಮತ್ತೆ ಇಷ್ಟೊಂದು ಗುಂಡಿ ಎಲ್ಲಿಂದ ಬಂತು ಎಂದು ಕೇಳಿದರೆ, ನನ್ನ ಪಾಪದಿಂದ ಬಂತು ಎನ್ನಬೇಕು.

ನಾವು ಕ್ಯಾಥೊಲಿಕರು ವರ್ಷಕ್ಕೆ ಒಂದೆರಡು ಸಲವಾದರೂ ಪಾದ್ರಿಗಳ ಬಳಿ ಹೋಗಿ ಪಾಪ ನಿವೇದನೆ ಮಾಡುತ್ತೇವೆ. ಮರದ ಜಾಲರಿಯ ಆಚೆ ಅವರು, ಈಚೆ ಮೊಣಕಾಲೂರಿದ ನಾವು. ಮುಖ ಕಾಣದಿರಲಿ ಎಂದು ಜಾಲರಿ ಇಟ್ಟಿದ್ದಾರೆ, ಆದರೆ ಸ್ವರವನ್ನು ಮರೆಮಾಡುವ ಜಾಲರಿ ಯಾರೂ ಮಾಡಿಲ್ಲ. ನಮ್ಮೂರಿನ ಪಾದ್ರಿಗಳ ನಿಲುವಂಗಿಗೆ ಅಂಚು ಹೊಲಿಯುವವಳು ನಾನು. ಅವರ ಅಳತೆ ನನಗೆ ಗೊತ್ತು. ನನ್ನ ಅಳತೆ ಅವರಿಗೆ ಗೊತ್ತಾಗುವುದು ಬೇಡವೆಂದು ಸಣ್ಣ ಪಾಪಗಳನ್ನು ಊರಿನಲ್ಲೇ ಹೇಳಿ, ದೊಡ್ಡದೊಂದನ್ನು ಬಸ್ಸಿನಲ್ಲಿ ಹೊತ್ತೊಯ್ಯುತ್ತಿದ್ದೆ. ಒಂದು ವರ್ಷ ಬೆಳ್ಮಣ್, ಮರುವರ್ಷ ಉಡುಪಿ. ಕಾಪುವಿಗೆ ಮಾತ್ರ ಹೋಗುತ್ತಿರಲಿಲ್ಲ, ಕಾರಣ ಮುಂದೆ ಹೇಳುತ್ತೇನೆ. ಹೊರಡುವಾಗ ತಂಗಿಗೆ ಒಂದು ನೆಪ ಹೇಳಬೇಕಲ್ಲ? "ಗುಂಡಿ ತರಲಿಕ್ಕುಂಟು" ಎನ್ನುತ್ತಿದ್ದೆ.

ಪಾದ್ರಿಗಳು ಹೊಸಬರು, ಪಾಪ ಹಳೆಯದು. ಅವರು ಕ್ಷಮೆಯ ಮಾತು ಹೇಳಿ ಮೂರೋ ಐದೋ ಸಲ ಮರಿಯಮ್ಮನ 'ನಮೊ ಮರಿಯೆ' ಪ್ರಾರ್ಥನೆ ಜಪಿಸಲು ಹೇಳುತ್ತಿದ್ದರು. ಜಪಿಸಿ, ಗುಂಡಿ ಕೊಂಡು, ಬಸ್ಸು ಹತ್ತುತ್ತಿದ್ದೆ. ಕಾರ್ಕಳದ ಪಕ್ಕದ ಕುಕ್ಕುಂದೂರಿನ ನಮ್ಮ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಪಾಪವೂ ನನ್ನ ಜೊತೆಗೇ ಬಂದು ಚಪ್ಪಲಿ ಬಿಡುತ್ತಿತ್ತು.

ಆ ಪಾಪ ನಾನು ಮಾಡಿದ್ದು ನನ್ನ ತಂಗಿ ಜೆಸಿಂತಾಳಿಗೆ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಧರ್ಮದ ದೊಡ್ಡ ವಿಷಯಗಳನ್ನು ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಧರ್ಮವನ್ನು ದಿನಾ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಎರಡು ಮೊಳ ದೂರದಲ್ಲಿ ಕಂಡಿದ್ದೇನೆ. ಅದು ಕಾಲ ಮೇಲೆ ಬಟ್ಟೆ ಹರಡಿಕೊಂಡು ಹುಕ್ಕು ಹೊಲಿಯುತ್ತ ಕೂತಿರುತ್ತದೆ. ಜೆಸಿಂತಾ ಯಾರಿಗೂ ಉಪದೇಶ ಮಾಡಿದವಳಲ್ಲ. ಅಂಗಡಿಯ ಗೋಡೆಯಲ್ಲಿ ಯೇಸುವಿನ ಚಿತ್ರ ತೂಗುಹಾಕಿದವಳು ನಾನು, ಬಂದವರಿಗೆ ಚರ್ಚಿನ ಹಬ್ಬದ ವರದಿ ಒಪ್ಪಿಸುವವಳೂ ನಾನೇ. ಅವಳು ಮಾಡುವುದು ಒಂದೇ ಕೆಲಸ: ಎದುರಿಗಿಲ್ಲದವರ ಮೇಲೆ ದೂರು ಬಂದಾಗ ಅವರನ್ನು ಮಾತಿನಲ್ಲೇ ಮೆಲ್ಲಗೆ ಅಂಗಡಿಯೊಳಗೆ ಕರೆದು ಕೂರಿಸುತ್ತಾಳೆ.

ಹೊಲಿಗೆ ಅಂಗಡಿಯೆಂದರೆ ಊರಿನ ಮಾತೆಲ್ಲ ಬಿಚ್ಚಿಕೊಳ್ಳುವ ಜಾಗ. ಮೀನು ಮಾರುವ ಸುಶೀಲಕ್ಕ ಬುಟ್ಟಿ ಖಾಲಿಯಾದ ಮೇಲೆ ನಮ್ಮ ಬೆಂಚಿಗೆ ಬಂದು ಸೊಸೆಯನ್ನು ಬೈಯಲು ಕೂರುತ್ತಿದ್ದರು. ನನಗೂ ಅದು ಕೇಳಲು ರುಚಿ. ಮಿಷನ್ನಿನ ಸದ್ದು ಅಡ್ಡಬಾರದಿರಲೆಂದು ಕಾಲು ತೆಗೆದುಬಿಡುತ್ತಿದ್ದೆ. ಒಮ್ಮೆ ಬೈಗಳು ಒಳ್ಳೆ ಹದಕ್ಕೆ ಬಂದಿತ್ತು. ಜೆಸಿಂತಾ ತಲೆಯೆತ್ತದೆ ಕೇಳಿದಳು, "ಸುಶೀಲಕ್ಕ, ಅವಳಿಗೆ ಬಸುರಿನಲ್ಲಿ ಕಾಲು ಊದುತ್ತಿತ್ತಲ್ಲ, ಈಗ ಹೇಗುಂಟು?"

ಸುಶೀಲಕ್ಕ ಖಾಲಿ ಬುಟ್ಟಿಯನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡರು. "ಊದುದು ಕಡಿಮೆ ಆಗ್ಲಿಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅವಳಿಗೊಂದು ಸಡಿಲದ ನೈಟಿ ಹೊಲಿದುಕೊಡಿ ಬಾಯಮ್ಮ," ಎಂದರು. ಎದ್ದು ಹೋಗುವಾಗ ನನ್ನ ಕಡೆ ತಿರುಗಿ, "ಎಂತ ಮಾರಾಯ್ತಿ, ನಿಮ್ಮ ತಂಗಿ ಒಂದು ಸೊಸೆಯನ್ನು ಬೈಯಲಿಕ್ಕೂ ಬಿಡುವುದಿಲ್ಲ! ನಾನಿನ್ನು ಬೇರೆ ಅಂಗಡಿ ನೋಡ್ತೇನೆ," ಎಂದರು. ಬೇರೆ ಅಂಗಡಿ ನೋಡಲಿಲ್ಲ. ಮುಂದಿನ ವಾರ ಸೊಸೆಯನ್ನೇ ಕರೆತಂದು, ಅವಳಿಗೆ ಬೆಂಚು ಕೊಟ್ಟು ತಾವು ನಿಂತರು. ಪಾದ್ರಿಗಳ ಒಂದು ಗಂಟೆಯ ಪ್ರಸಂಗ ನನಗೆ ಮಾಡದ್ದನ್ನು ಈ ಒಂದು ಪ್ರಶ್ನೆ ಸುಶೀಲಕ್ಕನಿಗೆ ಮಾಡಿತ್ತು. ನಾನು ಬಾಯಿಬಿಟ್ಟು ನೋಡಿದೆ.

ಇಂಥವಳಿಗೆ ನಾನು ಮಾಡಿದ್ದು ಇಷ್ಟು. ಇಪ್ಪತ್ತಮೂರು ವರ್ಷದ ಹಿಂದೆ ಅವಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ಕಾಪುವಿನ ಹುಡುಗ, ಒಳ್ಳೆಯವನು. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಹುಡುಗ ಹುಡುಗಿಯ ಹೆಸರು ಓದಿ, ಏನಾದರೂ ಅಡ್ಡಿ ಇದ್ದರೆ ತಿಳಿಸಿ ಎಂದು ಹೇಳುತ್ತಾರೆ. ಮೊದಲ ಭಾನುವಾರದ ಓದು ಮುಗಿದಿತ್ತು. ಆ ವಾರ ಹುಡುಗನ ಸೋದರತ್ತೆ ಕಾರ್ಮಿನ್ ಬಾಯಿ ಮದುವೆಯ ರವಿಕೆಯ ಅಳತೆ ಕೊಡಲು ಅಂಗಡಿಗೆ ಬಂದರು. ಜೆಸಿಂತಾ ಇರಲಿಲ್ಲ. ನಾನು ಟೇಪು ಹಿಡಿದು ನಿಂತಿದ್ದಾಗ ಅವರು, "ಹುಡುಗಿಯ ಹಣೆಯಲ್ಲಿ ಅದೆಂತ ಗಾಯದ ಗುರುತು?" ಎಂದು ಕೇಳಿದರು. ಅದು ಗೇರುಮರದಿಂದ ಬಿದ್ದ ಗುರುತು, ಹತ್ತಿಸಿದವಳೇ ನಾನು. ಆದರೆ ನನ್ನ ಬಾಯಿಂದ ಬಂದದ್ದು, "ಚಿಕ್ಕದಿರುವಾಗ ಫಿಟ್ಸ್ ಬಂದು ಬಿದ್ದದ್ದು."

"ಈಗಲೂ ಬರ್ತದಾ?"

ನಾನು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡೆ. ಸೂಜಿ ಕಚ್ಚಿಕೊಂಡವಳು ಉತ್ತರ ಹೇಳುವ ಹಾಗಿಲ್ಲವಲ್ಲ. ಎರಡನೆಯ ಭಾನುವಾರ ಹೆಸರು ಓದಲಿಲ್ಲ.

ಯಾಕೆ ಹಾಗೆ ಹೇಳಿದೆ? ಹಿರಿಯವಳಾದ ನನ್ನ ಮದುವೆಯ ಮಾತನ್ನು ನಮ್ಮ ಮನೆಯಲ್ಲಿ ಎಲ್ಲರೂ ಬಿಟ್ಟುಬಿಟ್ಟಿದ್ದರು. ಅವಳೂ ಹೋದರೆ ಅಂಗಡಿಯಲ್ಲಿ ನಾನೊಬ್ಬಳೇ. ಇದು ಕಾರಣ, ಸಮರ್ಥನೆಯಲ್ಲ. ಹುಡುಗನ ಕಡೆಯವರು ಬೇಡವೆಂದರು ಎಂದಷ್ಟೇ ಅವಳಿಗೆ ಗೊತ್ತಾಯಿತು. ಅವನು ಬೇರೆ ಮದುವೆಯಾದ. ಇವಳು ಹುಕ್ಕು ಹೊಲಿದಳು.

ಕಳೆದ ವರ್ಷ ಅವಳ ಕಣ್ಣಿನ ತಪಾಸಣೆಗೆಂದು ಇಬ್ಬರೂ ಮಣಿಪಾಲಕ್ಕೆ ಹೋಗಿದ್ದೆವು. ಕೆಲಸ ಬೇಗ ಮುಗಿಯಿತು. ಅಲ್ಲಿನ ಚರ್ಚಿನಲ್ಲಿ ನಿವೇದನೆ ನಡೆಯುತ್ತಿತ್ತು. ಹೊಸ ಚರ್ಚು ಕಂಡರೆ ಬಿಡುವವಳಲ್ಲ ನಾನು, ಹೋಗಿ ಮೊಣಕಾಲೂರಿದೆ. ಎಳೆಯ ಸ್ವರದ ಪಾದ್ರಿ ಎಲ್ಲ ಕೇಳಿ, "ತಂಗಿ ಬದುಕಿದ್ದಾರಾ?" ಎಂದರು.

"ಇದ್ದಾಳೆ ಫಾದರ್."

"ಎಲ್ಲಿ?"

"ಇಲ್ಲೇ, ಹೊರಗೆ ಬೆಂಚಿನಲ್ಲಿ."

ಜಾಲರಿಯ ಆಚೆ ಕುರ್ಚಿ ಸರಿದ ಸದ್ದು ಕೇಳಿತು. "ಹಾಗಾದರೆ ನೀವು ಇಷ್ಟು ವರ್ಷ ನಮ್ಮ ಹತ್ತಿರ ಎಂತಕ್ಕೆ ಬಂದದ್ದು? ಅವರಿಗೆ ಹೇಳಿ. ನಿಮಗೆ ಅದೇ ಪ್ರಾಯಶ್ಚಿತ್ತ."

ಬೆಂಚಿನ ಬಳಿ ಹೇಳಲಾಗಲಿಲ್ಲ. ಬಸ್ಸಿನಲ್ಲಿ ಹೇಳಿದೆ. ಕಾರ್ಕಳದ ಬಸ್ಸಿನ ಹಾರ್ನ್ ನಿಮಗೆ ಗೊತ್ತಲ್ಲ. ಅರ್ಧ ಮಾತು ಅದರಲ್ಲಿ ಮುಚ್ಚಿಹೋದರೆ ಹೇಳಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು ಎಂಬ ಲೆಕ್ಕ ನನ್ನದು. ನನ್ನ ದುರದೃಷ್ಟಕ್ಕೆ ಆ ದಿನ ಡ್ರೈವರ್ ಬಹಳ ಸಾಧು. ಪೂರ್ತಿ ಕೇಳಿತು.

ಅವಳು ಕಿಟಕಿಯ ಕಡೆ ತಿರುಗಿದವಳು ಮನೆ ಬರುವವರೆಗೆ ಈಚೆ ತಿರುಗಲಿಲ್ಲ. ಮರುದಿನ ಅಂಗಡಿಯಲ್ಲಿ "ಕತ್ತರಿ" ಎಂದಳು. ಅದರ ಮರುದಿನ "ಬಿಳಿ ದಾರ". ಎಂಟು ದಿನ ಇಷ್ಟೇ ಮಾತು. ಒಳ್ಳೆಯವರಿಗೆ ಸಿಟ್ಟು ಬರುವುದಿಲ್ಲ ಎಂದು ತಿಳಿದಿದ್ದೆ. ಬರುತ್ತದೆ. ಅದು ಕೂಗಾಡದ ಕಾರಣ ತಡೆಯುವುದು ಇನ್ನೂ ಕಷ್ಟ. ಅವಳು ನನ್ನನ್ನು ಬಿಟ್ಟು ಹೋದರೆ ಏನು ಮಾಡಲಿ ಎಂದು ಇಪ್ಪತ್ತಮೂರು ವರ್ಷದ ಹಿಂದೆ ಹೆದರಿದ್ದೆ. ಈಗ ಅವಳು ಎದುರಿಗೇ ಕೂತಿದ್ದಳು, ಹೋಗಿಯೂ ಆಗಿತ್ತು. ಆರನೆಯ ದಿನ ಮಾತ್ರ ಒಮ್ಮೆ, ಹೊಲಿಯುತ್ತಿದ್ದ ಬಟ್ಟೆಯನ್ನೇ ನೋಡುತ್ತ, "ಅವನು ನನಗೆ ಇಷ್ಟವಾಗಿದ್ದ ಅಕ್ಕ," ಎಂದಳು. ನನಗೆ ಮಿಷನ್ನಿಗೆ ದಾರ ಪೋಣಿಸಲಾಗಲಿಲ್ಲ.

ಒಂಬತ್ತನೆಯ ದಿನ ಕೇಳಿದಳು, "ಆ ಕಾರ್ಮಿನ್ ಬಾಯಿ ಈಗಲೂ ಇದ್ದಾರಾ?"

"ಕಾಪುವಿನಲ್ಲೇ ಇದ್ದಾರಂತೆ. ಬಹಳ ಪ್ರಾಯವಾಗಿದೆ."

"ಭಾನುವಾರ ಹೋಗುವ."

"ಅವರನ್ನು ಬೈಯಲಿಕ್ಕಾ?"

"ನಿನಗೆ ತಲೆ ಸರಿ ಉಂಟಾ? ಒಂದು ಹುಡುಗಿಯ ಮದುವೆ ನನ್ನಿಂದ ತಪ್ಪಿತು ಅಂತ ಅವರು ಇಷ್ಟು ವರ್ಷ ಹೊತ್ತುಕೊಂಡಿರಬಹುದು. ನೀನಾದರೂ ಊರೂರಿಗೆ ಹೋಗಿ ಹೇಳಿಕೊಂಡೆ. ತಪ್ಪು ಅವರದ್ದಲ್ಲ ಅಂತ ಅವರಿಗೆ ಯಾರು ಹೇಳ್ತಾರೆ?"

ಎಂಟು ದಿನ ತಾನು ನೊಂದಳಲ್ಲ, ಆ ನೋವಿನ ಒಳಗಿಂದಲೇ ಅವಳಿಗೆ ಕಾಪುವಿನ ಒಂದು ಮುದುಕಿ ಕಾಣಿಸಿದ್ದು ಹೇಗೆ? ಪಕ್ಕದಲ್ಲೇ ಕೂತ ನನಗೆ ಎಷ್ಟು ವರ್ಷವಾದರೂ ಆ ಮುದುಕಿಯ ನೆನಪು ಬಂದದ್ದು, ಅವರ ಕಣ್ಣಿಗೆ ಬೀಳಬಾರದು ಎಂಬ ಭಯದಲ್ಲಿ ಮಾತ್ರ. ಕ್ರಿಸ್ತನನ್ನು ಹಿಂಬಾಲಿಸುವುದೆಂದರೆ ಬಿಳಿ ಸೀರೆಯುಟ್ಟು ಮೆರವಣಿಗೆಯಲ್ಲಿ ಮುಂದೆ ನಡೆಯುವುದು ಎಂದು ತಿಳಿದವಳು ನಾನು. ಆ ದಿನ ನನಗೆ ಮೈಯೆಲ್ಲ ಮುಳ್ಳೆದ್ದಿತು.

ಕಾರ್ಮಿನ್ ಬಾಯಿ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಮಂಜು, ಕಿವಿ ಚುರುಕು. ನಾನು ನಿಂತೇ ಎಲ್ಲ ಹೇಳಿದೆ, ಸೂಜಿಯ ವಿಷಯವನ್ನೂ. ಅವರು ಜೆಸಿಂತಾಳ ಕೈ ಹಿಡಿದು ಹಣೆ ತಡವಿ, "ಫಿಟ್ಸ್ ಇಲ್ಲವಾ? ಒಮ್ಮೆಯೂ?" ಎಂದು ಕೇಳಿದರು.

"ಇಲ್ಲ ಬಾಯಿ."

ಅವರ ಕಣ್ಣಲ್ಲಿ ನೀರು ಬಂತು. ಹಿಂದೆಯೇ ಸಿಟ್ಟೂ ಬಂತು. "ದಿನಾ ಸಂಜೆ ಜಪಸರ ಮುಗಿಸಿ ನಿನ್ನ ಹೆಸರಿಗೆ ಒಂದು 'ನಮೊ ಮರಿಯೆ' ಹೆಚ್ಚಿಗೆ ಹೇಳ್ತಿದ್ದೆ ಮಗಾ, ಫಿಟ್ಸ್ ಬಾರದಿರಲಿ ಅಂತ. ಒಂದು ದಿನ ತಪ್ಪಿಸ್ಲಿಲ್ಲ. ಜ್ವರ ಬಂದಾಗಲೂ ಹೇಳಿದ್ದೇನೆ. ಇಲ್ಲದ ಕಾಯಿಲೆಗೆ! ಎಲ್ಲ ದಂಡ ಆಯ್ತಲ್ಲ!"

"ದಂಡ ಎಲ್ಲಿ ಬಾಯಿ?" ಎಂದಳು ಜೆಸಿಂತಾ. "ನೋಡಿ, ಒಂದು ದಿನವಾದರೂ ಬಂತಾ?"

ಮುದುಕಿ ನಗಲು ತೊಡಗಿದರು. ಕುರ್ಚಿ ಕಿರುಗುಟ್ಟುವಷ್ಟು ನಕ್ಕರು. ನಗು ಇಳಿದ ಮೇಲೆ, "ಇನ್ನು ಆ ಒಂದನ್ನು ಯಾರಿಗೆ ಹೇಳುವುದು? ಅಭ್ಯಾಸ ಆಗಿಹೋಗಿದೆ," ಎಂದರು.

ಜೆಸಿಂತಾ ಬಸ್ಸಿನ ದಿನದ ನಂತರ ಮೊದಲ ಸಲ ನನ್ನನ್ನು ನೇರ ನೋಡಿದಳು. "ಅಕ್ಕನ ಹೆಸರಿಗೆ ಹೇಳಿ ಬಾಯಿ. ಅವಳಿಗೆ ಕಾಯಿಲೆ ನಿಜವಾಗಿಯೂ ಉಂಟು."

ಕಾರ್ಮಿನ್ ಬಾಯಿ ಆಗಲೇ ಜಪಸರಕ್ಕಾಗಿ ಮಡಿಲು ತಡಕಾಡತೊಡಗಿದರು, ಸಂಜೆಗೆ ಇನ್ನೂ ಬಹಳ ಹೊತ್ತಿದ್ದರೂ. ಈಗ ದಿನವೂ ಕಾಪುವಿನಲ್ಲಿ ಒಬ್ಬರು ನನಗಾಗಿ ಪ್ರಾರ್ಥಿಸುತ್ತಾರೆ. ಗುಣವಾಗುವ ಲಕ್ಷಣ ಸ್ವಲ್ಪ ಕಾಣಿಸುತ್ತಿದೆ ಎಂದು ಜೆಸಿಂತಾ ಹೇಳುತ್ತಾಳೆ. ಪೂರ್ತಿ ಅಲ್ಲವಂತೆ.