ಬೆನ್ನ ಹಿಂದಿನ ಎಂಜಿನ್ನು

ಹಳೆಯ ಗಾಡಿ ಕೊಳ್ಳಲು ಹೋದವರೆಲ್ಲ ಮೊದಲು ಅದರ ಟಾಯರನ್ನು ಒಮ್ಮೆ ಒದೆಯುತ್ತಾರೆ. ಈ ಪಾದಪ್ರಹಾರದಿಂದ ಲಭಿಸುವ ಜ್ಞಾನವೇನೆಂದು ನಾನು ಬಹಳ ಜನರನ್ನು ವಿಚಾರಿಸಿದ್ದೇನೆ. ಒದ್ದವರಿಗೂ ಗೊತ್ತಿಲ್ಲ, ಒದೆಸಿಕೊಂಡ ಟಾಯರಿಗಂತೂ ಹೇಳಲು ಬಾಯಿಲ್ಲ. ಆದರೂ ಒದ್ದವನ ಮುಖದಲ್ಲಿ ನಾಡಿ ಹಿಡಿದ ವೈದ್ಯನ ಗಾಂಭೀರ್ಯ ಮೂಡುತ್ತದೆ, ಮಾರುವವನ ಮುಖ ತುಸು ಬಾಡುತ್ತದೆ. ಶಹಾಪುರದ ಕೋರ್ಟಿನಲ್ಲಿ ಮೂವತ್ತು ವರ್ಷ ವಕೀಲಿಕೆ ಮಾಡಿ ಸಂಶಯದಿಂದಲೇ ಅನ್ನ ಸಂಪಾದಿಸಿದ ನಾನು, ಸುರಪುರದ ಚನ್ನಪ್ಪನ ಅಂಗಳದಲ್ಲಿ ನಿಂತು ಅವನ ಪುಟ್ಟ ಕಾರಿನ ನಾಲ್ಕೂ ಟಾಯರುಗಳನ್ನು ಪ್ರದಕ್ಷಿಣಾಕ್ರಮದಲ್ಲಿ ಒದ್ದೆ. ಐದನೆಯದು ಎಲ್ಲಿದೆ ಎಂದು ಕೇಳಿ, ತೆಗೆಸಿ, ಅದನ್ನೂ ಒದ್ದೆ.

ಚನ್ನಪ್ಪ ನನ್ನ ಜೊತೆ ಯಾದಗಿರಿಯ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವನು. ಈಗ ಸುರಪುರದಲ್ಲಿ ಹತ್ತಿಯ ಅಡತಿ ಅಂಗಡಿಯ ಸಾಹುಕಾರ. ಕಾಲುವೆಗೆ ನೀರು ಬಂದ ಮೇಲೆ ನಮ್ಮ ಸೀಮೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಗದ್ದೆಗಳ ಬೆನ್ನಿಗೆ ಸೊಳ್ಳೆಗಳು ಬಂದವು, ಸೊಳ್ಳೆಗಳ ಬೆನ್ನಿಗೆ ನಾನಾ ನಮೂನೆಯ ಕಾರುಗಳು ಬಂದವು. ಆ ಹೊಳೆಯಲ್ಲಿ ತೇಲಿಬಂದವರಲ್ಲಿ ನಾವಿಬ್ಬರೂ ಸೇರಿದ್ದೆವು. ವಯಸ್ಸು ಐವತ್ತು ದಾಟಿದ ಮೇಲೆ ಇಬ್ಬರಿಗೂ ಒಂದೇ ಹುಚ್ಚು ಹಿಡಿದು ಒಬ್ಬೊಬ್ಬರು ಒಂದೊಂದು ಸ್ಪೋರ್ಟ್ಸ್ ಕಾರು ತಂದುಕೊಂಡಿದ್ದೆವು. ನನ್ನದು ಉದ್ದ ಮೂತಿಯ ಕೆಂಪು ಕಾರು, ಹೈದರಾಬಾದಿನಿಂದ ಬಂದ ಸೆಕೆಂಡ್ ಹ್ಯಾಂಡ್. ವಾಯುವೇಗದ್ದು ಎಂದು ಖ್ಯಾತಿವೆತ್ತ ಆ ವಾಹನ, ಭೀಮರಾಯನಗುಡಿ ದಾಟಿದೊಡನೆ ಹುಲ್ಲು ಹೇರಿದ ಯಾವುದಾದರೊಂದು ಟ್ರ್ಯಾಕ್ಟರಿನ ಹಿಂದೆ ತಲೆ ತಗ್ಗಿಸಿಕೊಂಡು ಹೊಸ ಸೊಸೆಯಂತೆ ಸಾಗುತ್ತಿತ್ತು. ಚನ್ನಪ್ಪನದು ಅದಕ್ಕಿಂತ ಚಿಕ್ಕದು, ಬೂದು ಬಣ್ಣದ್ದು, ಇಬ್ಬರಿಗಷ್ಟೇ ಜಾಗವಿದ್ದದ್ದು. ಅದರ ಎಂಜಿನ್ನು ಮುಂದೆಯೂ ಅಲ್ಲ, ತೀರ ಹಿಂದೆಯೂ ಅಲ್ಲ, ಕೂತವರ ಬೆನ್ನಿಗೆ ಹತ್ತಿಕೊಂಡು ನಡುವಿನಲ್ಲಿತ್ತು.

ಈ ಎರಡನ್ನೂ ಅದಲುಬದಲು ಮಾಡಿಕೊಳ್ಳೋಣವೆಂದು ಮೊದಲು ಬಾಯಿ ತೆರೆದವನು ನಾನು. ಚನ್ನಪ್ಪ ಮರುಮಾತಿಲ್ಲದೆ ಒಪ್ಪಿದ. ಅಲ್ಲಿಂದಲೇ ನನ್ನ ಸಂಶಯ ಶುರುವಾಯಿತು. ಅವನು ಕೊಟ್ಟ ಕಾರಣ ಸರಳವಾಗಿತ್ತು: ಮೊಮ್ಮಗಳನ್ನು ಕೂಡಿಸಿಕೊಳ್ಳಲು ಅವನ ಗಾಡಿಯಲ್ಲಿ ಹಿಂದಿನ ಸೀಟಿಲ್ಲ, ನನ್ನದರಲ್ಲಿ ಮಕ್ಕಳು ಕೂಡುವಷ್ಟು ಚಿಕ್ಕದೊಂದಿದೆ, ಅಲ್ಲದೆ ಅವನ ಹೆಂಡತಿಗೆ ಆ ಗಾಡಿಯೊಳಗೆ ಕೂಡುವುದೆಂದರೆ ಕಾಳು ತುಂಬಿಡುವ ನೆಲದಡಿಯ ಹಗೇವಿಗೆ ಇಳಿದಂತೆ ಆಗುತ್ತದೆ. ಇಷ್ಟು ಸರಳವಾದ ಕಾರಣವನ್ನು ವಕೀಲನಾದವನು ನಂಬುವುದು ಹೇಗೆ?

ಇಲ್ಲಿ ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು. ನಾನು ಹುಟ್ಟಿದ್ದು ಹತ್ತಿಕುಣಿಯ ಬದಿಯ ಒಂದು ಹಳ್ಳಿಯಲ್ಲಿ. ಅಲ್ಲಿ ಎರಡು ಮನೆಯವರು ಎತ್ತು ಬದಲಾಯಿಸಿಕೊಳ್ಳುವಾಗ, ಹಗ್ಗ ಕೈ ಬದಲಾಗುವುದಕ್ಕೆ ಮುಂಚೆ, ಕೊಡುವವನು ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಅದರ ಐಬನ್ನು ಬಾಯಿಬಿಟ್ಟು ಹೇಳಬೇಕು. ಇದು ನೀರು ಕಂಡರೆ ಮಲಗುತ್ತದೆ, ಇದು ಎಡಕ್ಕೆ ಹೂಡಿದರೆ ಒದೆಯುತ್ತದೆ, ಹೀಗೆ. ಐಬು ಕೇಳಿ ಯಾರೂ ವ್ಯವಹಾರ ಮುರಿಯುತ್ತಿರಲಿಲ್ಲ. ಐಬೇ ಇಲ್ಲ ಎಂದರೆ ಮಾತ್ರ ಮುರಿಯುತ್ತಿತ್ತು. ಐಬಿಲ್ಲದ ಎತ್ತನ್ನು ಶಿವ ತನ್ನ ಬಾಗಿಲಲ್ಲೇ ಕಟ್ಟಿಕೊಂಡಿದ್ದಾನೆ, ಉಳಿದವುಗಳ ಬಗ್ಗೆ ಹಾಗೆ ಹೇಳುವವನು ಸುಳ್ಳ ಎಂದು ನಮ್ಮಪ್ಪ ಹೇಳುತ್ತಿದ್ದ.

ಆ ಪದ್ಧತಿಯಂತೆ ನಾನು ಚನ್ನಪ್ಪನನ್ನು ಕೇಳಿದೆ. ಅವನು ಬೂದು ಕಾರಿನ ತಲೆಯ ಮೇಲೆ ಕೈಯಿಟ್ಟು, ಸ್ವಲ್ಪ ಯೋಚಿಸಿ, ಇದರಲ್ಲಿ ಐಬು ಏನೂ ಇಲ್ಲ ಎಂದುಬಿಟ್ಟ. ಪದ್ಧತಿಯಂತೆ ನಾನು ಅಲ್ಲಿಗೇ ವ್ಯವಹಾರ ಮುರಿಯಬೇಕಿತ್ತು, ಮುರಿಯಲಿಲ್ಲ. ಆಮೇಲೆ ನನ್ನ ಸರದಿ. ನಾನು ಕೆಂಪು ಕಾರಿನ ಮೇಲೆ ಕೈಯಿಟ್ಟು, ಎ.ಸಿ. ತಡವಾಗಿ ತಣ್ಣಗಾಗುತ್ತದೆ, ಹಾರ್ನು ಒಮ್ಮೊಮ್ಮೆ ಬಡಿದುಕೊಂಡರೆ ನಿಲ್ಲುವುದಿಲ್ಲ ಎಂದು ಎರಡು ಐಬುಗಳನ್ನು ಧಾರಾಳವಾಗಿ ಒಪ್ಪಿಸಿದೆ. ಸಣ್ಣದನ್ನು ತಾನಾಗಿ ಒಪ್ಪಿಕೊಂಡವನಿಗೆ ದೊಡ್ಡದರ ಬಗ್ಗೆ ಯಾರೂ ಪಾಟೀಸವಾಲು ಹಾಕುವುದಿಲ್ಲ. ಇದು ನನ್ನ ವೃತ್ತಿ ನನಗೆ ಕಲಿಸಿದ ವಿದ್ಯೆ.

ದೊಡ್ಡದು ಯಾವುದೆಂದು ನಿಮಗೆ ಹೇಳಿಬಿಡುತ್ತೇನೆ. ಓದುಗರೆದುರು ಸುಳ್ಳು ಹೇಳಬಾರದೆಂಬಷ್ಟು ನೀತಿ ಇನ್ನೂ ಉಳಿದಿದೆ. ವೇಗದಲ್ಲಿದ್ದಾಗ ಬ್ರೇಕನ್ನು ಜೋರಾಗಿ ಒತ್ತಿದರೆ ಆ ಕೆಂಪು ಕಾರು ಎಡಕ್ಕೆ ಎಳೆಯುತ್ತಿತ್ತು. ಒಂದು ಸಂಜೆ ಕಾಲುವೆಯ ಏರಿಯ ಮೇಲೆ ಕುರಿಮಂದೆ ಅಡ್ಡ ಬಂದು ಬ್ರೇಕು ಒತ್ತಿದಾಗ, ಗಾಡಿ ನಿಂತದ್ದು ಕಾಲುವೆಯ ಅಂಚಿನಿಂದ ಒಂದು ಮೊಳ ಈಚೆಗೆ. ಕಿಟಕಿಯಲ್ಲಿ ನನಗೆ ನೆಲ ಕಾಣಲಿಲ್ಲ, ನೀರು ಕಂಡಿತು. ಯಾದಗಿರಿಯ ನಮ್ಮ ಮೇಸ್ತ್ರಿ ರುಕ್ಮೋದ್ದೀನ್ ಗಾಡಿಯನ್ನು ಬಿಚ್ಚಿ ನೋಡಿ, ಬೇಕಾದ ಸಾಮಾನು ಹೈದರಾಬಾದಿನಿಂದ ಬರಬೇಕು, ಅದು ಬರುವತನಕ ಇದನ್ನು ಓಡಿಸಬೇಡಿ ಎಂದಿದ್ದ. ನಾನು ಓಡಿಸಲಿಲ್ಲ. ಚನ್ನಪ್ಪನಿಗೆ ಕೊಟ್ಟೆ. ಅದಲುಬದಲಿನ ಆಸೆ ಹುಟ್ಟಿದ್ದೇ ಆ ಸಂಜೆಯ ನಂತರ. ಹೆಂಡತಿಯೆದುರು ಮಾತ್ರ, ನನಗೆ ವಯಸ್ಸಾಯಿತು, ಚಿಕ್ಕ ಗಾಡಿ ಸಾಕು ಎಂದು ವೈರಾಗ್ಯದ ಮಾತಾಡಿದ್ದೆ.

ಇಷ್ಟು ಮಾಡಿದವನು ಮನೆಗೆ ಬಂದು ನಿಶ್ಚಿಂತೆಯಿಂದ ಮಲಗಬೇಕಿತ್ತು. ಬದಲಿಗೆ ನಾನು ಬೂದು ಕಾರಿನ ಮೇಲೆ ಗೂಢಚರ್ಯೆ ಆರಂಭಿಸಿದೆ. ಜನ್ಮವಿಡೀ ಎಂಜಿನ್ನು ಕಣ್ಣೆದುರಿಗೇ ಇದ್ದ ಗಾಡಿಗಳನ್ನು ಓಡಿಸಿದವನಿಗೆ ಬೆನ್ನ ಹಿಂದಿನ ಎಂಜಿನ್ನನ್ನು ನಂಬುವುದು ಕಷ್ಟ. ಎತ್ತು ಬಂಡಿಯ ಮುಂದಿದ್ದರೆ ಅದರ ಕುಂಟು ಕಾಣುತ್ತದೆ. ಹಿಂದೆ ಕಟ್ಟಿದರೆ ಏನು ಕಂಡೀತು? ಅದರ ಗುರುಗುರು ಸದ್ದು ಬೆನ್ನಿನಲ್ಲಿ ಕೇಳಿದಾಗಲೆಲ್ಲ ಯಾರೋ ಹಿಂದೆ ಕೂತು ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನಿಸುತ್ತಿತ್ತು. ಎರಡು ಸಲ ತಿರುಗಿ ನೋಡಿದ್ದೂ ಉಂಟು.

ಪೂಜೆಗೆಂದು ಗಾಡಿಯನ್ನು ಅಬ್ಬೆತುಮಕೂರಿನ ಮಠಕ್ಕೆ ಒಯ್ದೆವು. ಪೂಜೆ ಮಾಡುವ ಅಜ್ಜನವರು ವಿಭೂತಿಯ ತಟ್ಟೆ ಹಿಡಿದು ನಿಂತರು, ನಾನು ಮುಂದಿನ ಮುಚ್ಚಳ ತೆರೆದೆ. ಒಳಗೆ ಎಂಜಿನ್ನಿನ ಜಾಗದಲ್ಲಿ ನನ್ನ ಹೆಂಡತಿಯ ಕೈಚೀಲ, ಎರಡು ತೆಂಗಿನಕಾಯಿ ಇದ್ದವು. ಅಜ್ಜನವರು ಒಮ್ಮೆ ಒಳಗೆ, ಒಮ್ಮೆ ನನ್ನ ಮುಖ ನೋಡಿ, ಅನುಕಂಪದಿಂದ ಕೈಚೀಲಕ್ಕೇ ವಿಭೂತಿ ಹಚ್ಚಿದರು. ಎಂಜಿನ್ನು ತೆಗೆದಿಟ್ಟುಕೊಂಡು ಡಬ್ಬಿ ಕೊಟ್ಟಿದ್ದಾರೆ ಎಂದು ಹೆಂಡತಿ ಕಿವಿಯಲ್ಲಿ ಉಸುರಿದಳು. ಹಿಂದೆ ಇದೆ ಎಂದು ತೋರಿಸಿದ ಮೇಲೆ, ಪೂಜೆ ಎಂಜಿನ್ನಿಗೆ ಸಲ್ಲಬೇಕೇ ಹೊರತು ಕೈಚೀಲಕ್ಕಲ್ಲ ಎಂದು ಹಟ ಹಿಡಿದು, ಚೆಂಡುಹೂವಿನ ಮಾಲೆಯೊಂದನ್ನು ತಾನೇ ಅದರ ಜಾಲರಿಯ ಸಂದಿಯಲ್ಲಿ ಭದ್ರವಾಗಿ ತುರುಕಿದಳು.

ಮರುದಿನದಿಂದ ಗಾಡಿಯಲ್ಲಿ ಸುಟ್ಟ ವಾಸನೆ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಐಬು ಸಿಕ್ಕಿತ್ತು. ಚನ್ನಪ್ಪ ಸುಳ್ಳನೆಂದು ಸಾಬೀತಾದರೆ ನನ್ನ ಸುಳ್ಳಿಗೆ ಒಬ್ಬ ಜೊತೆಗಾರ ಸಿಗುತ್ತಿದ್ದ, ಲೆಕ್ಕ ಸರಿಹೋಗುತ್ತಿತ್ತು. ದಿನವೂ ಮೂಸಿ ನೋಡಿ ಖಾತ್ರಿ ಮಾಡಿಕೊಂಡು, ಒಂಬತ್ತನೆಯ ದಿನ ಯಾದಗಿರಿಗೆ ಹೋಗಿ ರುಕ್ಮೋದ್ದೀನನ ಎದುರು ಗಾಡಿ ನಿಲ್ಲಿಸಿದೆ. ಅವನು ಅರ್ಧ ದಿನ ಅದರ ಅಡಿಗೆ ಮಲಗಿ, ಮೇಲೆ ಹತ್ತಿ, ಒಂದು ಸುತ್ತು ಓಡಿಸಿ ಬಂದು, ಸುಟ್ಟು ಕರಿಕಾದ ಮಾಲೆಯನ್ನು ಇಕ್ಕಳದಿಂದ ಎಳೆದು ನನ್ನ ಕೈಗಿಟ್ಟ.

"ಗಾಡ್ಯಾಗ ಏನೂ ಇಲ್ರಿ ವಕೀಲ ಸಾಬ್," ಎಂದ. "ಭಾಳ ಚಲೋ ಇಟ್ಟಾರ."

ಆಮೇಲೆ ಕೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆಯೇ ಕೇಳಿದ: "ಆ ಕೆಂಪು ಗಾಡಿ ಬ್ರೇಕಿಂದು ಸಾಹುಕಾರರಿಗೆ ಹೇಳೀರಿಲ್ರಿ?"

ನಾನು ಹೇಳಿದ್ದೇನೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಮೂವತ್ತು ವರ್ಷ ಎಷ್ಟೋ ಸಾಕ್ಷಿದಾರರನ್ನು ಕಟಕಟೆಯಲ್ಲಿ ನಿಲ್ಲಿಸಿ ಈ ಮೌನವನ್ನು ನೋಡಿದ್ದೇನೆ. ಅದರ ಅರ್ಥ ನ್ಯಾಯಾಧೀಶರಿಗೆ ಒಮ್ಮೆಯೂ ವಿವರಿಸಬೇಕಾಗಿ ಬಂದಿರಲಿಲ್ಲ. ಅಲ್ಲಿಂದ ನೆಟ್ಟಗೆ ಸುರಪುರದ ದಾರಿ ಹಿಡಿದೆ. ದಾರಿಯುದ್ದಕ್ಕೂ ಪಕ್ಕದಲ್ಲಿ ಕಾಲುವೆ ಕಂಡಲ್ಲೆಲ್ಲ ಅದು ದಂಡೆಯ ಮಟ್ಟಕ್ಕೆ ತುಂಬಿಕೊಂಡಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಈ ಒಂಬತ್ತು ದಿನ ನಾನು ಅವನ ಗಾಡಿಯನ್ನು ಮೂಸುತ್ತ ಕೂತಿದ್ದೆನೇ ಹೊರತು, ಅವನು ನನ್ನ ಗಾಡಿಯಲ್ಲಿ ಎಲ್ಲಿಗೆ ಹೋಗಿರಬಹುದೆಂದು ಒಮ್ಮೆಯೂ ಕೇಳಿರಲಿಲ್ಲ.

ಕೆಂಪು ಕಾರು ಅಂಗಳದಲ್ಲಿತ್ತು, ಮೇಲೆ ತಾಡಪಾಲು ಹೊದಿಸಿತ್ತು. ಚನ್ನಪ್ಪ ಕಟ್ಟೆಯ ಮೇಲೆ ಕೂತಿದ್ದ. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ: ಕುರಿಮಂದೆ, ಕಾಲುವೆ, ಮೇಸ್ತ್ರಿಯ ಎಚ್ಚರಿಕೆ. ಅವನು ಕೊನೆಯವರೆಗೆ ಕೇಳಿದ.

"ಮೊದಲನೇ ದಿನಾನೇ ತಿಳೀತು," ಎಂದ. "ಎಮ್ಮಿ ಅಡ್ಡ ಬಂತು, ಬ್ರೇಕ್ ಒತ್ತಿದೆ, ಗಾಡಿ ಕಾಲುವಿ ಕಡೆ ಹೋತು. ಮಮ್ಮಗಳು ಹಿಂದ ಕೂತಿದ್ದಳು."

ಹಾಗಾದರೆ ಆಗಲೇ ಫೋನ್ ಮಾಡಿ ಯಾಕೆ ಬೈಯಲಿಲ್ಲ ಎಂದು ಕೇಳಿದೆ.

"ನೀ ಮಾಡ್ತಿ ಅಂತ ಕುಂತೆ," ಎಂದ ಚನ್ನಪ್ಪ.

ಗಾಡಿ ವಾಪಸ್ಸು ಕೊಡು, ನಿನ್ನದು ನೀನು ಇಟ್ಟುಕೋ ಎಂದು ಬೇಡಿಕೊಂಡೆ. ಕೊಟ್ಟ ಎತ್ತನ್ನು ತಿರುಗಿ ಕಟ್ಟಿಕೊಳ್ಳುವ ರೂಢಿ ತಮ್ಮ ಮನೆಯಲ್ಲಿ ಇಲ್ಲವೆಂದ. ಒಳಗಿನಿಂದ ಅವನ ಹೆಂಡತಿ ಚಹಾ ಕಳಿಸಿದಳು; ಯಾವಾಗಲೂ ತಾನೇ ತಂದುಕೊಟ್ಟು, ನನ್ನ ಹೆಂಡತಿಯ ಮೊಣಕಾಲು ನೋವು ವಿಚಾರಿಸಿ ಹೋಗುವವಳು ಆ ದಿನ ಹೊರಗೆ ಬರಲಿಲ್ಲ.

ಹೈದರಾಬಾದಿನ ಸಾಮಾನನ್ನು ನಾನೇ ಹೋಗಿ ತಂದೆ. ರುಕ್ಮೋದ್ದೀನ್ ಸುರಪುರಕ್ಕೇ ಬಂದು ಕೂಡಿಸಿದ. ಅದಾದ ವಾರಕ್ಕೆ ಚನ್ನಪ್ಪ ಫೋನ್ ಮಾಡಿ, ಮೊಮ್ಮಗಳನ್ನು ಕೂಡಿಸುವ ಮೊದಲು ಏರಿಯ ಮೇಲೆ ಒಮ್ಮೆ ನೀನೇ ಓಡಿಸಿ ತೋರಿಸು, ನಾನು ಪಕ್ಕದಲ್ಲಿ ಕೂಡುತ್ತೇನೆ ಎಂದು ಕರೆದ. ನ್ಯಾಯವಾದ ಮಾತು. ಹೋದೆ.

ಬಯಲಿನಲ್ಲಿ ಭತ್ತ ತೆನೆಯೊಡೆದಿತ್ತು. ಎಡಕ್ಕೆ ಕಾಲುವೆ, ಎದುರಿಗೆ ನಿರ್ಜನವಾದ ಏರಿ. ಅವನು ಹಳೆಯ ದಿನಗಳಂತೆಯೇ ಹತ್ತಿಯ ಧಾರಣೆ, ಶಾಲೆಯ ಮಾಸ್ತರರ ಸಿಟ್ಟು ಎಂದು ಮಾತಾಡುತ್ತಿದ್ದ, ನಗಿಸಿದ ಕೂಡ. ಸಾಕಷ್ಟು ವೇಗ ಹಿಡಿದ ಮೇಲೆ, ಈಗ ಒತ್ತುತ್ತೇನೆ ಎಂದು ಹೇಳಿ ಒತ್ತಿದೆ. ಗಾಡಿ ಕೂದಲೆಳೆಯಷ್ಟೂ ಅತ್ತಿತ್ತ ಸರಿಯದೆ ನೆಟ್ಟಗೆ ನಿಂತಿತು. ಇನ್ನೆರಡು ಸಲ ಒತ್ತಿದೆ, ಎರಡು ಸಲವೂ ಹಾಗೆಯೇ ನಿಂತಿತು. ಚಲೋ ಆಗ್ಯದ ಎಂದು ಚನ್ನಪ್ಪ ಮನಸಾರೆ ಹೇಳಿದ. ಅವನ ಎಡಗೈ ಆಗ ಬಾಗಿಲು ತೆರೆಯುವ ಹಿಡಿಯ ಮೇಲಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಮತ್ತೆ ಗಾಡಿ ಚಾಲೂ ಮಾಡಿ, ಎತ್ತಿನ ಬಂಡಿಯೂ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನವಾಗಿ ಓಡಿಸಿಕೊಂಡು ಬಂದೆ. ಸುರಪುರದ ಅವನ ಮನೆಯ ಅಂಗಳ ಮುಟ್ಟುವತನಕ ಆ ಕೈ ಅಲ್ಲಿಂದ ಏಳಲಿಲ್ಲ.