ಮೂರು ಮೈಲಿ ಎಂದು ಬರೆದುಕೊಟ್ಟ ಹಳ್ಳಿ

ಅರವತ್ತರ ದಶಕದ ಶುರುವಿನಲ್ಲಿ ನಾನು ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ನರ್ಸಾಗಿ ಸೇರಿದೆ. ಕೆಲಸಕ್ಕೆ ಬಂದ ಎರಡನೇ ತಿಂಗಳಲ್ಲೇ ಕಚೇರಿಯಿಂದ ಒಂದು ನಮೂನೆ ಬಂತು. ಪ್ರತಿ ಹಳ್ಳಿಯಿಂದ ಹತ್ತಿರದ ಡಿಸ್ಪೆನ್ಸರಿಗೆ ಎಷ್ಟು ಮೈಲಿ ಎಂದು ತುಂಬಿ ಕಳಿಸಬೇಕಿತ್ತು. ಶಾನುಭೋಗರ ಜಗಲಿಯ ಮೇಲೆ ಕೂತು, ಅವರು ನಕ್ಷೆ ನೋಡಿ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಬಿಸಿಲಿತ್ತು, ನಡೆದು ನೋಡಲಿಲ್ಲ. ಕೆರೆಯಾಚೆಯ ಒಂದು ಹಳ್ಳಿಯ ಮುಂದೆ ಮೂರು ಮೈಲಿ ಎಂದು ಹಾಕಿ ಕಚೇರಿಗೆ ಕಳಿಸಿದೆ.

ಮಳೆಗಾಲದಲ್ಲಿ ಒಂದು ಬೆಳಗ್ಗೆ ಅದೇ ಹಳ್ಳಿಯ ಕುರಿ ಕಾಯುವವನೊಬ್ಬ ಓಡಿಬಂದು ಕರೆದೊಯ್ದ. ಅವನ ಹೆಂಡತಿಗೆ ಚೊಚ್ಚಲು. ಮುಟ್ಟಿ ನೋಡಿದೆ, ಮಗು ಅಡ್ಡ ಮಲಗಿತ್ತು. ಅದು ನನ್ನ ಕೈಲಾಗುವ ಹೆರಿಗೆಯಲ್ಲ. ಗಾಡಿ ಕಟ್ಟಲು ಹೇಳಿದೆ.

"ಕೆರೆ ಕೋಡಿ ಬಿದ್ದೈತೆ ನರ್ಸಮ್ಮ. ಈ ದಾರೀಲಿ ಗಾಡಿ ಓಗಲ್ಲ, ಸುತ್ಕೊಂಡೇ ಓಗ್ಬೇಕು" ಎಂದ.

"ಸುತ್ತಿದರೆ ಎಷ್ಟು ಮೈಲಿ?"

"ಮೈಲಿ ನಂಗೇನ್ ಗೊತ್ತಮ್ಮ? ಓಗೋಷ್ಟೊತ್ಗೆ ಮಧ್ಯಾಹ್ನ ಆಯ್ತದೆ."

ಹಾಗೇ ಆಯಿತು. ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್ ಒಬ್ಬನೇ ಇದ್ದ. "ಡಾಕ್ಟ್ರು ಮಂಗಳವಾರ ಮಾತ್ರ ಬರೋದು. ಬಂಗಾರಪೇಟೆಗೆ ಕರ್ಕೊಂಡೋಗಿ" ಎಂದು ಅವನೇ ಗಾಡಿಗೆ ಇನ್ನಷ್ಟು ಹುಲ್ಲು ಹಾಸಿಕೊಟ್ಟ.

ಬಂಗಾರಪೇಟೆ ಕಣ್ಣಿಗೆ ಬೀಳುವಾಗ ರೈಲ್ವೆ ಗೇಟು ಹಾಕಿತ್ತು. ಮಾರಿಕುಪ್ಪಂ ರೈಲು ದಾಟಬೇಕಿತ್ತು. ನಾನು ಅವಳ ನಾಡಿ ಹಿಡಿದೇ ಕೂತಿದ್ದೆ. ರೈಲು ಹೋಗಿ ಗೇಟು ತೆಗೆಯುವ ಹೊತ್ತಿಗೆ ನನ್ನ ಬೆರಳಿಗೆ ಏನೂ ಸಿಗಲಿಲ್ಲ. ಗಾಡಿಯಲ್ಲಿ ಜೊತೆಗೆ ಬಂದಿದ್ದ ಅತ್ತೆ ಸೆರಗಿನಿಂದ ಸೊಸೆಯ ಮುಖ ಒರೆಸುತ್ತಲೇ ಇದ್ದಳು. "ಈಗ್ ಕಣ್ಮುಚ್ಚವ್ಳೆ ನರ್ಸಮ್ಮ, ಒಸಿ ಮಲ್ಕೊಳ್ಲಿ" ಎಂದಳು. ಎತ್ತುಗಳನ್ನು ತಿರುಗಿಸಲು ಅವಳ ಮಗನಿಗೆ ನಾನೇ ಹೇಳಬೇಕಾಯಿತು.

ಆಮೇಲೆ ಒಂದು ತಿಂಗಳು ಎಲ್ಲ ಹಳ್ಳಿಗಳಿಂದಲೂ ಡಿಸ್ಪೆನ್ಸರಿಗೆ ನಡೆದು ನೋಡಿದೆ. ಮಳೆಯಲ್ಲಿ ಎಷ್ಟು ಹೊತ್ತು, ಗಾಡಿಯಲ್ಲಿ ಎಷ್ಟು ಹೊತ್ತು, ಡಾಕ್ಟರು ಯಾವ ದಿನ ಇರುತ್ತಾರೆ, ಎಲ್ಲ ಬರೆದು ಕಚೇರಿಗೆ ಕೊಂಡೊಯ್ದೆ.

ಅಲ್ಲಿನ ಅಧಿಕಾರಿ ಪೂರ್ತಿ ಓದಿದರು. "ಮೈಲಿ ಕೇಳಿದ್ದಾರಲ್ಲಮ್ಮ, ಗಂಟೆ ಯಾಕೆ ಹಾಕಿದಿರಿ?"

"ಮೈಲಿ ಹಾಕಿದ್ರೆ ಸುಳ್ಳಾಗತ್ತೆ ಸಾರ್."

"ಇರಬಹುದು. ಆದರೆ ನಮೂನೆ ನಾನು ಮಾಡಿದ್ದಲ್ಲ. ನೀವು ಮೊದಲು ಕಳಿಸಿದ್ದು ಇನ್ನೂ ಇಲ್ಲೇ ಇದೆ, ರುಜು ಹಾಕಿ, ಆ ಹಳೆಯದೇ ಮೇಲಕ್ಕೆ ಹೋಗಲಿ, ನಿಮ್ಮ ಹಾಳೆಯನ್ನೂ ಜೊತೆಗಿಡ್ತೀನಿ."

ಹಳೆಯದರ ಕೆಳಗೆ ರುಜು ಹಾಕಿದೆ. ನನ್ನ ಹಾಳೆಗೆ ಉತ್ತರ ಬರಲೇ ಇಲ್ಲ. ಎಂಟು ತಿಂಗಳು ತುಂಬಿದವರಿಗೆಲ್ಲ, ಬಂಗಾರಪೇಟೆಯಲ್ಲಿ ನೆಂಟರಿದ್ದರೆ ಹೆರಿಗೆಗೆ ಮೊದಲೇ ಹೋಗಿ ಅಲ್ಲೇ ಇರಿ ಎಂದು ಹೇಳತೊಡಗಿದೆ. ಕೂಲಿ ಮಾಡುವವರಿಗೆ ಪೇಟೆಯಲ್ಲಿ ನೆಂಟರೆಲ್ಲಿಂದ ಬರಬೇಕು? ನಾಲ್ಕೈದು ಮಂದಿ ಹೋದರು.

ಕೆರೆಯಾಚೆಗೆ ಹೋದಾಗಲೆಲ್ಲ ಆ ಅತ್ತೆ ಕರೆದು ಮಜ್ಜಿಗೆ ಕೊಡುತ್ತಿದ್ದಳು. "ನೀವಾದ್ರೂ ಜೊತೇಲಿದ್ರಿ" ಎನ್ನುತ್ತಿದ್ದಳು. ಶಾನುಭೋಗರ ಜಗಲಿಯಲ್ಲಿ ನಾನು ಬರೆದದ್ದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.